ಡೈಥೈಝೋನ್ ಹಾಕಿದರೆ ಸ್ಲೈಸ್ ಪೂರ್ತಿ ಕೆಂಪು, ಕಂಟ್ರೋಲ್ ಕೂಡ!

ಹಾಸನ_ಸ್ಲೈಡ್: ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮಿದುಳಿನಲ್ಲಿ ಸತು ಎಲ್ಲಿ ಕೂತಿರುತ್ತದೆ ಅಂತ ತೋರಿಸಬೇಕು. ಮಟನ್ ಅಂಗಡಿಯಿಂದ ಕುರಿ ಮಿದುಳು ತಂದು, ಹಿಪ್ಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಭಾಗ) ತೆಳ್ಳಗೆ ಕೊಯ್ದು, ಸತು ಸಿಕ್ಕರೆ ಕೆಂಪಾಗುವ ಡೈಥೈಝೋನ್ ಹಾಕಿದೆ. ಅದರಲ್ಲಿ ಮಾಸಿ ಫೈಬರ್ ಎಂಬ ನರದ ಎಳೆಗಳ ಪಟ್ಟಿ ಮಾತ್ರ ಕೆಂಪಾಗಬೇಕು ಅಲ್ವಾ? ನನಗೆ ಎಲ್ಲವೂ ಕೆಂಪು. ಕಂಟ್ರೋಲ್ ಅಂತ ಇಟ್ಟ ಕಿರುಮಿದುಳೂ ಕೆಂಪು. ಪುಡಿ ಹಳೆಯದಾಯಿತಾ?

ಬಾಬಾಬುಡನ್_ಬೀಕರ್, ಚಿಕ್ಕಮಗಳೂರು: ಪುಡಿ ಕೆಟ್ಟಿದ್ದರೆ ಕೆಂಪು ಕಡಿಮೆ ಆಗಬೇಕು, ಜಾಸ್ತಿ ಅಲ್ಲ. ಮಿದುಳು ಪಕ್ಕಕ್ಕಿಡಿ, ಬಫರ್ (ಸ್ಲೈಸ್‌ಗೆ ಬಳಸುವ, ಆಮ್ಲೀಯತೆ ಬದಲಾಗದಂತೆ ಇಡುವ ದ್ರಾವಣ) ಒಂದನ್ನೇ ನೋಡಿ. ಕ್ಲೋರೋಫಾರ್ಮ್‌ನಲ್ಲಿ ಕರಗಿದ ಡೈಥೈಝೋನ್ ಹಸಿರಾಗಿರುತ್ತದೆ. ಅದಕ್ಕೆ ಸ್ವಲ್ಪ ಬಫರ್ ಹಾಕಿ ಚೆನ್ನಾಗಿ ಕುಲುಕಿ. ಕೆಳಗಿನ ಪದರ ಗುಲಾಬಿಯಾದರೆ ಲೋಹ ನೀರಿನಲ್ಲೇ ಇದೆ. ತಾಮ್ರ, ಸೀಸಕ್ಕೂ ಇದು ಬಣ್ಣ ತಿರುಗುತ್ತದೆ, ನೆನಪಿರಲಿ. ಅಂದಹಾಗೆ ನೀರು ಎಲ್ಲಿಯದು?

ಹಾಸನ_ಸ್ಲೈಡ್: ಕುಲುಕಿದ ತಕ್ಷಣ ಗುಲಾಬಿ ಸರ್! ನಮ್ಮ ಲ್ಯಾಬಿನ ಡಿಸ್ಟಿಲೇಷನ್ ಯೂನಿಟ್ ಕೆಟ್ಟಿದೆ. ಬೋರ್‌ವೆಲ್ ನೀರನ್ನೇ ಫಿಲ್ಟರ್ ಮಾಡಿ ಕೊಡುತ್ತಾರೆ. ಜಿಐ ಪೈಪು.

ಬಾಬಾಬುಡನ್_ಬೀಕರ್, ಚಿಕ್ಕಮಗಳೂರು: ಸರಿಹೋಯ್ತು. ಜಿಐ ಪೈಪಿನ ಲೇಪನವೇ ಸತು. ಡಬಲ್ ಡಿಸ್ಟಿಲ್ಡ್ ನೀರು ತರಿಸಿ. ಗಾಜಿನ ಸಾಮಾನನ್ನು ತೆಳು ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ ತೊಳೆಯಿರಿ. ರಬ್ಬರ್ ಬಿರಡೆ ಬೇಡ. ಗ್ಲೌಸ್ ತುದಿ ದ್ರಾವಣಕ್ಕೆ ತಾಗಬಾರದು. ರಬ್ಬರಿನಲ್ಲಿ ಜಿಂಕ್ ಆಕ್ಸೈಡ್ ಇರುತ್ತದೆ.

ನರತಂತು: ಇದು ಬರೀ ಬಣ್ಣದ ತಲೆನೋವಲ್ಲ. ಮಾಸಿ ಫೈಬರ್ ತುದಿಯ ಪುಟ್ಟ ಚೀಲಗಳಿಗೆ ಝಡ್‌ಎನ್‌ಟಿ3 ಎಂಬ ಪ್ರೋಟೀನ್ ಸತು ತುಂಬುತ್ತದೆ. ಅದೇ ಚೀಲಗಳಲ್ಲಿ ಗ್ಲುಟಮೇಟ್ ಎಂಬ ಸಂಕೇತ ಸಾಗಿಸುವ ರಾಸಾಯನಿಕ ಕೂಡ ಇರುತ್ತದೆ. ನರಕೋಶ ಸಂಕೇತ ಕಳಿಸಿದಾಗ ಎರಡೂ ಹೊರಬೀಳುತ್ತವೆ. ಗ್ಲುಟಮೇಟ್ ಮುಂದಿನ ನರಕೋಶದ ಎನ್‌ಎಂಡಿಎ ಗ್ರಾಹಕವನ್ನು (ಕಲಿಕೆ, ನೆನಪಿಗೆ ಬೇಕಾದ ಬಾಗಿಲಿನಂಥ ಪ್ರೋಟೀನ್) ತೆರೆಯಲು ನೋಡಿದರೆ, ಸತು ಅದನ್ನು ತಡೆಯುತ್ತದೆ. ಗ್ಲುಎನ್2ಎ ಎಂಬ ಉಪಘಟಕ ಇರುವ ಗ್ರಾಹಕಗಳಿಗಂತೂ ನ್ಯಾನೋಮೋಲಾರ್ ಮಟ್ಟದ, ಅಂದರೆ ಅತ್ಯಲ್ಪ ಸತುವೇ ಸಾಕು. ಹಾಗಾಗಿ ಇಂಥ ಬಫರ್‌ನಲ್ಲಿ ಮುಂದೆ ಗ್ರಾಹಕದ ಮೂಲಕ ಹರಿಯುವ ಕರೆಂಟ್ ಅಳೆದರೆ ಗ್ರಾಹಕ ಮಂಕಾದಂತೆ ಕಾಣುತ್ತದೆ. ಅದಕ್ಕೇ ಅಳೆಯುವವರು ಟ್ರೈಸಿನ್ ಎಂಬ ಲೋಹ ಹಿಡಿಯುವ ರಾಸಾಯನಿಕ ಸೇರಿಸಿ ಬಿಡಿ ಸತುವನ್ನು ಹಿಡಿದಿಡುತ್ತಾರೆ. ಇಡಿಟಿಎ ಕೂಡ ಲೋಹ ಹಿಡಿಯುತ್ತದೆ, ಆದರೆ ಬರೀ ಅದನ್ನು ಸುರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗೂ ಅಂಟಿಕೊಳ್ಳುತ್ತದೆ. ಆಮೇಲೆ ಏನು ಬದಲಾಯಿತು ಅಂತ ಹೇಳೋದು ಕಷ್ಟ.

ಸುಮ್ನೆ_ಓದುಗ: ಹಾಗಾದ್ರೆ ಪರೀಕ್ಷೆಗೆ ಮುಂಚೆ ಜಿಂಕ್ ಮಾತ್ರೆ ನುಂಗಿದ್ರೆ ನೆನಪು ಜಾಸ್ತಿ ಆಗುತ್ತಾ? 😄

ನರತಂತು: ಇಲ್ಲ ಮಾರಾಯ್ರೇ. ಮಿದುಳು ತನ್ನ ಸತುವನ್ನು ತಾನೇ ಬಿಗಿಯಾಗಿ ನೋಡಿಕೊಳ್ಳುತ್ತದೆ. ಬಹಳ ದಿನ ಜಾಸ್ತಿ ನುಂಗಿದರೆ ದೇಹದಲ್ಲಿ ತಾಮ್ರ ಕಡಿಮೆ ಆಗುತ್ತದೆ, ಅಷ್ಟೇ.

ಹಾಸನ_ಸ್ಲೈಡ್: ಹೊಸ ನೀರು ಬಂತು. ಕುಲುಕಿದರೂ ಹಸಿರು ಹಾಗೇ ಇದೆ. ಹಿಪ್ಪೊಕ್ಯಾಂಪಸ್‌ನಲ್ಲಿ ಸಣ್ಣ ಕೆಂಪು ಪಟ್ಟಿ ಬಂತು, ಕಿರುಮಿದುಳಿನಲ್ಲಿ ಹೆಚ್ಚೇನೂ ಇಲ್ಲ. ಥ್ಯಾಂಕ್ಸ್ ಎಲ್ಲರಿಗೂ. ಫೋಟೋ ನಾಳೆ ಹಾಕುತ್ತೇನೆ, ಮೈಕ್ರೋಸ್ಕೋಪ್ ಕ್ಯಾಮೆರಾದ ಕೇಬಲ್ ಯಾರೋ ತೆಗೆದುಕೊಂಡು ಹೋಗಿದ್ದಾರೆ.