ಮಗನಿಗೆ ಫರ್ಡಿನಾಂಡ್ ಅಂತ ಹೆಸರಿಡಬಹುದಾ?

ಪ್ರಶ್ನೆ: ನಾನು ಧಾರವಾಡದವಳು, ಗಂಡ ಜರ್ಮನ್, ಇರುವುದು ಸ್ಟುಟ್‌ಗಾರ್ಟ್‌ನಲ್ಲಿ. ಹುಟ್ಟಲಿರುವುದು ಗಂಡು. ಅತ್ತೆ ಮನೆಯವರಿಗೆ ಫರ್ಡಿನಾಂಡ್ ಅಂತ ಇಡುವ ಆಸೆ. ಇದು ನಿಜಕ್ಕೂ ಜರ್ಮನ್ ಹೆಸರಾ? ಅರ್ಥ ಏನು? ಗೊತ್ತಿದ್ದವರು ಹೇಳಿ.

ವಿಯೆನ್ನಾದಿಂದ: ಜರ್ಮನ್ ಹೆಸರೇ, ಆದರೆ ಸ್ಪೇನ್ ಸುತ್ತಿ ಬಂದದ್ದು. ಮೂಲ ಗಾಥಿಕ್, ಅಂದ್ರೆ ಜರ್ಮನ್‌ಗೆ ನೆಂಟಸ್ತಿಕೆಯ ಒಂದು ಹಳೆಯ ಭಾಷೆ. ಕೊನೆಯ ಭಾಗಕ್ಕೆ ಧೈರ್ಯ ಅಂತ ಅರ್ಥ. ಮೊದಲ ಭಾಗ ‘ಪಯಣ’ ಅಂತ ಕೆಲವರು, ‘ಶಾಂತಿ’ ಅಂತ ಇನ್ನು ಕೆಲವರು. ನನಗೆ ‘ಧೈರ್ಯವಾಗಿ ಪಯಣ ಹೊರಡುವವನು’ ಅನ್ನೋದೇ ಇಷ್ಟ. ಆ ಭಾಷೆಯ ವಿಸಿಗಾತ್ ಜನ ಸ್ಪೇನಿನಲ್ಲಿ ನೆಲೆಸಿದಾಗ ಹೆಸರೂ ಅಲ್ಲಿ ಬೇರೂರಿತು. ಫರ್ನಾಂಡೊ, ಹರ್ನಾಂಡೊ ಎಲ್ಲ ಇದೇ. ವಾಪಸ್ ತಂದವರು ಆಸ್ಟ್ರಿಯಾ ಆಳುತ್ತಿದ್ದ ಕ್ಯಾಥೊಲಿಕ್ ರಾಜಮನೆತನ, ಹ್ಯಾಬ್ಸ್‌ಬರ್ಗ್‌ನವರು. 1503ರಲ್ಲಿ ಸ್ಪೇನಿನಲ್ಲಿ ಹುಟ್ಟಿದ ರಾಜಕುಮಾರನಿಗೆ ತಾಯಿಯ ತಂದೆ, ಅರಗಾನ್‌ನ ರಾಜನ ಹೆಸರಿಟ್ಟರು. ನಮ್ಮಲ್ಲೂ ತಾತನ ಹೆಸರು ಇಡ್ತಾರಲ್ವಾ, ಹಾಗೆ. ಅವನು ಆಸ್ಟ್ರಿಯಾ ಆಳಲು ಬಂದು, ಮುಂದೆ ಚಕ್ರವರ್ತಿ ಮೊದಲನೇ ಫರ್ಡಿನಾಂಡ್ ಆದ. ಆಮೇಲೆ ಆ ಮನೆತನದಲ್ಲಿ ಫರ್ಡಿನಾಂಡರದೇ ಸಾಲು. 1914ರಲ್ಲಿ ಸರಯೇವೊದಲ್ಲಿ ಕೊಲೆಯಾಗಿ, ಮೊದಲ ಮಹಾಯುದ್ಧಕ್ಕೆ ಕಿಡಿಯಾದ ಯುವರಾಜ ಫ್ರಾಂಟ್ಸ್ ಫರ್ಡಿನಾಂಡ್ ಕೂಡ ಅದೇ ಮನೆಯವನು. ಹೆಸರು ಕೇಳಿದ ತಕ್ಷಣ ಅವನ ನೆನಪು ತೆಗೆಯುವವರು ಇದ್ದೇ ಇರುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ.

ಹ್ಯಾಂಬರ್ಗ್‌ನಿಂದ: ನಮ್ಮ ಮಗನಿಗೆ ಇದೇ ಹೆಸರು. ಶಾಲೆಯಲ್ಲಿ ಎಲ್ಲರೂ ‘ಫೆರ್ಡಿ’ ಅಂತಾರೆ. ಫೆರ್ಡಿ ಅನ್ನೋದು ಟರ್ಕಿಯವರಲ್ಲೂ ಇರುವ ಹೆಸರು, ಹಾಗಾಗಿ ‘ನೀವು ಟರ್ಕಿಯವರಾ’ ಅಂತ ಕೇಳ್ತಾರೆ. ಜರ್ಮನ್ನರ ಬಾಯಲ್ಲಿ ಕೊನೆಗೆ ‘ಟ್’ ಕೇಳಿಸುತ್ತೆ, ಫೆರ್ಡಿನಾಂಟ್. ಊರಲ್ಲಿ ಅಜ್ಜಿ ‘ಪರ್ದಿ’ ಅಂತ ಕರೀತಾರೆ. ಅವನು ಎರಡಕ್ಕೂ ಓಗೊಡ್ತಾನೆ.

ಮಂಗಳೂರಿನಿಂದ: ಧಾರವಾಡದವರು ಕಿಟ್ಟೆಲ್‌ರನ್ನು ಮರೆತರೆ ಹೇಗೆ! 1894ರಲ್ಲಿ ಇಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟ್ಟೆಲ್‌ರ ಹೆಸರೂ ಫರ್ಡಿನಾಂಡ್. ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಪ್ರಾಟೆಸ್ಟಂಟ್ ಪಾದ್ರಿ ಮನೆಯಲ್ಲಿ. ಅಂದ್ರೆ ಕ್ಯಾಥೊಲಿಕ್ ರಾಜರ ಹೆಸರು ಅಷ್ಟೊತ್ತಿಗೆ ಎಲ್ಲರದೂ ಆಗಿತ್ತು. ನಿಮ್ಮ ತವರಿನವರಿಗೆ ಹೇಳಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಮ್ಯೂನಿಕ್‌ನಿಂದ: ಒಂದು ಕೆಲಸದ ಮಾತು. ಜನನ ನೋಂದಣಿಗೆ ಒಂದು ವಾರವಷ್ಟೇ ಸಮಯ, ಆದರೆ ಹೆಸರನ್ನು ಒಂದು ತಿಂಗಳೊಳಗೆ ಕೊಡಬಹುದು. ಆಸ್ಪತ್ರೆಯಲ್ಲೇ ಅವಸರ ಮಾಡಬೇಡಿ. ಹನ್ನೆರಡನೇ ದಿನ ನಾಮಕರಣ ಮುಗಿಸಿಕೊಂಡೇ ಹೋಗಿ ಬರೆಸಿ. ಜೊತೆಗೆ ಕನ್ನಡದ ಹೆಸರು ಬೇಕಿದ್ದರೆ ಎರಡನೇ ಹೆಸರಾಗಿ ಆಗಲೇ ಸೇರಿಸಿಬಿಡಿ. ಆಮೇಲೆ ಬದಲಾಯಿಸೋದು ತಲೆನೋವು.