ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಕೊಡುತ್ತಾರೆ ಅನ್ನುವುದು ನಿಜವಾ?

ಹಾಸನದ ಅಮ್ಮ:
ಮಗಳಿಗೆ ಹತ್ತು ವರ್ಷ, ಕೋಳಿ ಸಾರು ಅಂದರೆ ಪ್ರಾಣ. ನಮ್ಮತ್ತೆ ಮಾತ್ರ ಬ್ರಾಯ್ಲರ್ ಮನೆಗೆ ತರಲೇಬೇಡಿ, ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಬೆಳೆಸಿರುತ್ತಾರೆ, ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಅನ್ನುತ್ತಾರೆ. ವಾಟ್ಸಾಪ್‌ನಲ್ಲೂ ಅದೇ ಮಾತು. ಗೊತ್ತಿರುವವರು ದಯವಿಟ್ಟು ಹೇಳಿ.

ದಾವಣಗೆರೆ ಫಾರಂ:
ಮೇಡಂ, ನಾನು ಕಂಪನಿ ಕಾಂಟ್ರಾಕ್ಟ್‌ನಲ್ಲಿ ಬ್ರಾಯ್ಲರ್ ಸಾಕುತ್ತೇನೆ. ಶೆಡ್ಡಿನಲ್ಲಿ ಸಾವಿರಾರು ಮರಿ, ಒಂದೊಂದನ್ನೇ ಹಿಡಿದು ಸೂಜಿ ಚುಚ್ಚುತ್ತಾ ಕೂತರೆ ಆಳಿನ ಕೂಲಿಯೂ ಹುಟ್ಟುವುದಿಲ್ಲ. ಜನ ನೋಡಿ ತಪ್ಪು ತಿಳಿಯುವುದು ಲಸಿಕೆಯನ್ನು. ಕೊಕ್ಕರೆ ರೋಗಕ್ಕೆ ಲಸೋಟಾ ಹನಿಯನ್ನು ಮರಿಯ ಕಣ್ಣಿಗೆ ಬಿಡುತ್ತೇವೆ, ಗಂಬೋರೋ ಅನ್ನುವ ಇನ್ನೊಂದು ರೋಗದ ಲಸಿಕೆಯನ್ನು ಕುಡಿಯುವ ನೀರಿಗೆ. ಆರು ವಾರಕ್ಕೆ ಎರಡು ಕೆಜಿ ದಾಟುವುದು ತಳಿಯ ಗುಣ, ಮೆಕ್ಕೆಜೋಳ ಮತ್ತು ಸೋಯಾ ಹಾಕಿದ ಫೀಡಿನ ಗುಣ, ಅಷ್ಟೇ.

ಶಿವಮೊಗ್ಗದ ವೆಟ್:
ನಾನು ಪಶುವೈದ್ಯ, ಅವರು ಹೇಳಿದ್ದು ಸರಿ. ಆದರೆ ನಿಮ್ಮ ಅತ್ತೆಯವರ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಡಿಇಎಸ್ ಅನ್ನುವ ಕೃತಕ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನ್ ಇದೆ. ಅಮೆರಿಕದಲ್ಲಿ 1947ರಿಂದ ಅದರ ಸಣ್ಣ ಗುಳಿಗೆಯನ್ನು ಹುಂಜದ ತಲೆಯ ಹತ್ತಿರ, ಕತ್ತಿನ ಚರ್ಮದ ಕೆಳಗೆ ಇಡುತ್ತಿದ್ದರು. ಹುಂಜದ ಜುಟ್ಟು ಮುದುಡುತ್ತಿತ್ತು, ಜಗಳ ನಿಲ್ಲುತ್ತಿತ್ತು, ಮೈಯಲ್ಲಿ ಕೊಬ್ಬು ತುಂಬಿ ಮಾಂಸ ಮೆತ್ತಗಾಗುತ್ತಿತ್ತು. ಕೊಯ್ದಾಗ ತಲೆಯ ಜೊತೆ ಗುಳಿಗೆಯೂ ಹೋಗುತ್ತದೆ ಅಂತ ಲೆಕ್ಕ ಹಾಕಿದ್ದರು. ಆ ತಲೆಗಳನ್ನು ತುಪ್ಪಳಕ್ಕೆ ಸಾಕುವ ಮಿಂಕ್‌ಗಳಿಗೆ ತಿನ್ನಿಸಿದರೆ ಅವು ಮರಿ ಹಾಕುವುದನ್ನೇ ನಿಲ್ಲಿಸಿದವು! ಚರ್ಮದ ಕೊಬ್ಬು ಮತ್ತು ಲಿವರ್‌ನಲ್ಲೂ ಉಳಿಕೆ ಸಿಕ್ಕಿತು, 1959ರ ಕೊನೆಗೆ ಕೋಳಿಗೆ ಬಳಸುವುದನ್ನು ನಿಲ್ಲಿಸಿದರು. ಬಸಿರಿನಲ್ಲಿ ಇದೇ ಔಷಧಿ ನುಂಗಿದ ತಾಯಂದಿರ ಹೆಣ್ಣುಮಕ್ಕಳಿಗೆ ಅಪರೂಪದ ಯೋನಿ ಕ್ಯಾನ್ಸರ್ ಬರುತ್ತಿದೆ ಅಂತ 1971ರಲ್ಲಿ ಗೊತ್ತಾಯಿತು, ಆದರೂ ದನಗಳನ್ನು ಕೊಬ್ಬಿಸಲು ಇದನ್ನು ಕೊಡುತ್ತಿದ್ದುದಕ್ಕೆ ಪೂರ್ತಿ ನಿಷೇಧ ಬಂದದ್ದು 1979ರಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಸನದ ಅಮ್ಮ:
ಅಬ್ಬಾ. ಹಾಗಾದರೆ ಈಗ ಕೋಳಿ ಲಿವರ್ ಕೊಡಬಹುದಾ ಸರ್?

ಶಿವಮೊಗ್ಗದ ವೆಟ್:
ಕೊಡಿ, ಚೆನ್ನಾಗಿ ಬೇಯಿಸಿ. ಇವತ್ತು ನನಗೆ ಹಾರ್ಮೋನ್‌ಗಿಂತ ಆಂಟಿಬಯಾಟಿಕ್ ಚಿಂತೆ ಜಾಸ್ತಿ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿರುವ ಕೊಲಿಸ್ಟಿನ್ ಅನ್ನು ಕೋಳಿಗೂ ಹಾಕುತ್ತಿದ್ದರು, 2019ರಲ್ಲಿ ನಮ್ಮ ಸರ್ಕಾರ ಅದನ್ನು ನಿಷೇಧಿಸಿತು. ಬೇರೆ ಔಷಧಿ ಕೊಟ್ಟರೆ ಮಾರುವ ಮುಂಚೆ ಇಷ್ಟು ದಿನ ಬಿಡಬೇಕು ಅಂತ ಇದೆ, ದಾವಣಗೆರೆ ಅಣ್ಣ, ಅದನ್ನು ಎಲ್ಲರೂ ಪಾಲಿಸುತ್ತಾರಾ?

ದಾವಣಗೆರೆ ಫಾರಂ:
ಎಲ್ಲರೂ ಅಂತ ಹೇಳಲಾರೆ ಸರ್. ರೇಟು ಏರಿದ ದಿನ ಲಾರಿ ಬಂದು ನಿಂತರೆ ಕೆಲವರು ತುಂಬಿಸಿಯೇ ಬಿಡುತ್ತಾರೆ.

ಶಿವಮೊಗ್ಗದ ವೆಟ್:
ನೋಡಿದಿರಾ ಮೇಡಂ, ಕೇಳಬೇಕಾದದ್ದು ಇದನ್ನೇ. ಇನ್ನೊಂದು ಮಾತು, ಯಾವ ಹೆಣ್ಣುಮಗುವಿಗಾದರೂ ಎಂಟು ವರ್ಷ ತುಂಬುವ ಮೊದಲೇ ಎದೆ ಬೆಳೆಯುವುದು ಕಂಡರೆ ಕೋಳಿ ಬಿಡಿಸಿ ಸುಮ್ಮನಾಗಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.