ಪದ ಬೇಕು: ಸೂರ್ಯೋದಯ ಸಿಗದ ತಿಥಿಗೆ ಬೋರ್ಡಿನಲ್ಲಿ ಏನು ಬರೆಸುವುದು?

ಕುಮಟೆಯಿಂದ:
ದೇವಸ್ಥಾನದ ದಿನಸೂಚಿ ಬೋರ್ಡಿಗೆ ಪೇಂಟರ್ ನಾಳೆಯೇ ಬರುತ್ತಾನೆ. ಬಿದಿಗೆಯ ಮರುದಿನ ನೇರ ಚೌತಿ ಬಂದರೆ ‘ತದಿಗೆ ಎಲ್ಲಿ ಹೋಯ್ತು?’ ಅಂತ ಕೇಳುವವರೇ ಎಲ್ಲ. ಅಂಥ ತಿಥಿಗೊಂದು ಅಂಕಣ ಬೇಕು. ಎರಡು ದಿನ ನಿಲ್ಲುವ ತಿಥಿಗೂ ಒಂದು. ‘ಕ್ಷಯ’ ಅಂದರೆ ಕಾಯಿಲೆ ನೆನಪಾಗುತ್ತದೆ, ‘ಅಧಿಕ’ ಅಂದರೆ ಅಧಿಕಮಾಸ. ‘ಲೋಪ’ ಆದೀತೇ?

ಶಿರಸಿಯಿಂದ:
ಆಗದು. ಲೋಪ ಆಗಿದ್ದು ಏನು? ಚಂದ್ರ ಸೂರ್ಯನಿಂದ 12 ಅಂಶ ಸರಿಯುವಷ್ಟು ಹೊತ್ತು ಒಂದು ತಿಥಿ. ಚಂದ್ರನ ವೇಗಕ್ಕೆ ತಕ್ಕಂತೆ ಅದು ಸುಮಾರು 20ರಿಂದ 27 ತಾಸು. ಸೂರ್ಯೋದಯ 7:00ಕ್ಕೆ ಇದ್ದು, ತದಿಗೆ 7:15ಕ್ಕೆ ಹಿಡಿದು ಮರುದಿನ ಬೆಳಗಿನ 6:40ಕ್ಕೆ ಮುಗಿದರೆ 23 ತಾಸು 25 ನಿಮಿಷ ತದಿಗೆ ಇದ್ದೇ ಇತ್ತು. ಸೂರ್ಯೋದಯಕ್ಕೆ ಇದ್ದ ತಿಥಿಯ ಹೆಸರೇ ದಿನಕ್ಕೆ; ತದಿಗೆಗೆ ಆ ಉದಯ ಸಿಗಲಿಲ್ಲ, ಅಷ್ಟೇ. ಶ್ರಾದ್ಧಕ್ಕೆ ಅಪರಾಹ್ಣದ ತಿಥಿ, ಸಂಕಷ್ಟಿಗೆ ಚಂದ್ರೋದಯದ ಚೌತಿ ನೋಡುವುದು. ‘ಲೋಪ’ ಓದಿದವರು ಆಚರಣೆಯನ್ನೇ ಬಿಟ್ಟಾರು. ಶಾಸ್ತ್ರದ ಮಾತು ತಿಥಿಕ್ಷಯ, ತಿಥಿವೃದ್ಧಿ. ಅದನ್ನೇ ಬರೆಸಿ.

ಹೊನ್ನಾವರದಿಂದ:
ಮತ್ತೆ ಸಂಸ್ಕೃತವೇ? ‘ಮೂಡು ತಪ್ಪಿದ್ದು’, ‘ಇಮ್ಮೂಡು’ ಅನ್ನಿ. ಬಿದಿಗೆ, ತದಿಗೆ, ಚೌತಿ ಎಂಬ ಅಚ್ಚಗನ್ನಡ ಪದಗಳು ಇರುವಾಗ ತಲೆಬರಹಕ್ಕೇಕೆ ಸಾಲ?

ಶಿರಸಿಯಿಂದ:
ಅಚ್ಚಗನ್ನಡ? ದ್ವಿತೀಯಾ, ತೃತೀಯಾ, ಚತುರ್ಥಿಗಳೇ ಪ್ರಾಕೃತದಲ್ಲಿ ಸವೆದು ಬಂದದ್ದು. ಹುಣ್ಣಿಮೆಯೂ ಅಷ್ಟೇ, ಗಳಿಗೆಯೂ ಅಷ್ಟೇ. ಇನ್ನು ‘ಇಮ್ಮೂಡು’ ಅಂದರೆ ಎರಡು ಪೂರ್ವ ದಿಕ್ಕು ಅಂತ ಓದುತ್ತಾರೆ ಮಾರಾಯ್ರೆ.

ಹೊನ್ನಾವರದಿಂದ:
ಸವೆದು ನಮ್ಮದಾಯಿತಲ್ಲ! ಸವೆಯದ್ದನ್ನು ಹೇರಬೇಡಿ ಅಂದೆ. ‘ಮುಹೂರ್ತ’ ಬಿಟ್ಟು ‘ಒಳ್ಳೆ ಹೊತ್ತು’ ಅಂದರೆ ಲಗ್ನ ನಿಲ್ಲುತ್ತದೆಯೇ?

ಶಿರಸಿಯಿಂದ:
ಮುಹೂರ್ತ ಎರಡು ಗಳಿಗೆ, ಅಂದರೆ 48 ನಿಮಿಷ. ‘ಹೊತ್ತು’ ಎಷ್ಟು ನಿಮಿಷ, ಹೇಳಿ.

ಕಾರವಾರದಿಂದ:
ಜಗಳ ಆಮೇಲೆ. ಅದೇ ಬೋರ್ಡಿನಲ್ಲಿ ರಾಹುಕಾಲವೂ ಇದ್ದರೆ ‘ಸೋಮವಾರ 7:30–9:00’ ಅಂತ ಕಾಯಂ ಬಣ್ಣದಲ್ಲಿ ಬರೆಸಬೇಡಿ. ಅದು 6ಕ್ಕೆ ಉದಯ, 6ಕ್ಕೆ ಅಸ್ತ ಎಂದು ಹಿಡಿದ ಲೆಕ್ಕ. ಭಾರತೀಯ ಸಮಯದ ರೇಖೆ 82.5 ಅಂಶದ್ದು, ನಮ್ಮ ಕರಾವಳಿ 74ರ ಹತ್ತಿರ. ಅಲ್ಲಿಗೇ ಅರ್ಧ ತಾಸು ಹಿಂದೆ. ಜನವರಿ ಮಧ್ಯದಲ್ಲಿ ಇಲ್ಲಿ ಉದಯ 7:00ರ ಸುಮಾರು, ಅಸ್ತ 6:20. ಹಗಲನ್ನು ಎಂಟು ಪಾಲು ಮಾಡಿದರೆ ಒಂದೊಂದು 85 ನಿಮಿಷ. ಸೋಮವಾರಕ್ಕೆ ಎರಡನೇ ಪಾಲು, ಅಂದರೆ 8:25ರಿಂದ 9:50. ಆ ಜಾಗ ಸೀಮೆಸುಣ್ಣಕ್ಕೆ ಬಿಡಿ.
ಪದದ ವಿಚಾರ: ‘ತಿಥಿ ಇಲ್ಲ’ ಅಂತ ಮಾತ್ರ ಬೇಡ, ಶ್ರಾದ್ಧ ಇಲ್ಲ ಅಂತ ಓದುತ್ತಾರೆ. ‘ಉದಯವಿಲ್ಲದ ತಿಥಿ’, ‘ಎರಡು ಉದಯದ ತಿಥಿ’ ಸಾಕು.

ಕುಮಟೆಯಿಂದ:
ಇದು ನಡೆಯುತ್ತದೆ. ‘ಉದಯವಿಲ್ಲದ ತಿಥಿ’ ಕೆಳಗೆ ಹಿಡಿದ ವೇಳೆ, ಬಿಟ್ಟ ವೇಳೆ ಎರಡಕ್ಕೂ ಖಾನೆ ಬಿಡಿಸುತ್ತೇನೆ.

ಹೊನ್ನಾವರದಿಂದ:
‘ಖಾನೆ’ ಯಾವ ಭಾಷೆಯದು ಸ್ವಾಮಿ?